ನಾಲ್ಕನೆಯ ರಾತ್ರಿಯ ಮೌನ: ನಫಿಲ್ ಆರಾಧನೆಯಲ್ಲಿ ಜಮಾಅತ್ ಮತ್ತು ಏಕಾಂತ

ಇಸ್ಲಾಮನ್ನು ಕುರಿತ ನಮ್ಮ ವಿಮರ್ಶಾತ್ಮಕ ಬರವಣಿಗೆಯಲ್ಲಿ ಒಂದು ಜೋಡಿ ಗ್ರಹಿಕೆ ಮತ್ತೆ ಮತ್ತೆ ಎದುರಾಗುತ್ತದೆ. ಶರೀಅತ್ ಎಂದರೆ ಸಮುದಾಯ, ಸೂಫಿ ಮಾರ್ಗವೆಂದರೆ ವ್ಯಕ್ತಿ ಎಂಬುದು ಆ ಗ್ರಹಿಕೆ. ಹೆಗಲಿಗೆ ಹೆಗಲು ಕೂಡಿಸಿ ನಿಂತ ಮಸೀದಿಯ ಸಾಲು ಮೊದಲನೆಯದರ ಚಿತ್ರ. ಇರುಳೆಲ್ಲ ಎಚ್ಚರವಿರುವ ಒಂಟಿ ಸಾಧಕ ಎರಡನೆಯದರ ಚಿತ್ರ. ಕಡ್ಡಾಯದ ಐದು ಹೊತ್ತಿನ ನಮಾಜಿನ ಮಟ್ಟಿಗೆ ಈ ಚಿತ್ರದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಕಡ್ಡಾಯದ ಗಡಿ ದಾಟಿ ಭಕ್ತರು ತಾವಾಗಿ ಕೈಗೊಳ್ಳುವ ಆರಾಧನೆಯ ಕಡೆಗೆ ತಿರುಗಿದೊಡನೆ ಚಿತ್ರ ತಲೆಕೆಳಗಾಗುತ್ತದೆ. ಅಲ್ಲಿ ಏಕಾಂತದ ಪರವಾಗಿ ವಾದಿಸುವವರು ಹೆಚ್ಚಾಗಿ ಶರೀಅತ್ತಿನ ಪಂಡಿತರು. ಜನರನ್ನು ಒಟ್ಟುಗೂಡಿಸಿ ವೃತ್ತವಾಗಿ ಕೂರಿಸುವವರು ಹೆಚ್ಚಾಗಿ ಸೂಫಿ ಗುರುಗಳು. ಈ ತಿರುವುಮುರುವಿನ ಹಿಂದಿರುವ ತರ್ಕವನ್ನು ಕೆಲವು ಮೂಲ ನಿರೂಪಣೆಗಳ ಓದಿನ ಮೂಲಕ ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಪದಗಳು

ಮೊದಲು ಪದಗಳನ್ನು ಗಮನಿಸಬೇಕು. ಅರಬಿಯ 'ನಫಿಲ್' ಎಂಬುದಕ್ಕೆ ಕನ್ನಡದಲ್ಲಿ 'ಐಚ್ಛಿಕ' ಎಂಬ ಅನುವಾದ ರೂಢಿಯಾಗಿದೆ. ತಪ್ಪೆನ್ನಲಾಗದು, ಆದರೆ 'ಐಚ್ಛಿಕ' ಎಂದೊಡನೆ ಕನ್ನಡ ಓದುಗರಿಗೆ ಕಾಲೇಜಿನ ಐಚ್ಛಿಕ ವಿಷಯ ನೆನಪಾಗುತ್ತದೆ: ಬೇಕಾದರೆ ಆಯ್ದುಕೊಳ್ಳಬಹುದು, ಬೇಡವಾದರೆ ಬಿಡಬಹುದು. ನಫಿಲ್ ಎಂಬುದರ ಮೂಲಾರ್ಥ 'ಸಲ್ಲಬೇಕಾದುದರ ಮೇಲಿನ ಹೆಚ್ಚುವರಿ'. ಅದಕ್ಕೆ ಪರ್ಯಾಯವಾಗಿ ಬಳಕೆಯಲ್ಲಿರುವ 'ತತವ್ವುಅ್' ಎಂಬ ಪದವಂತೂ ವಿಧೇಯತೆಯನ್ನು ಹೇಳುವ 'ತಾಅತ್' ಎಂಬ ಧಾತುವಿನಿಂದಲೇ ಹುಟ್ಟಿದ್ದು. ಯಾರೂ ಕೇಳದಿದ್ದಾಗಲೂ ಒಲಿದು ಸಲ್ಲಿಸುವ ವಿಧೇಯತೆ ಅದು. ಕೇಳಿ ಪಡೆದೊಡನೆ ಅದರ ಗುಣವೇ ಬದಲಾಗುತ್ತದೆ ಎಂಬ ಸೂಚನೆ ಪದದ ಒಳಗೇ ಇದೆ.

ಎರಡನೆಯ ಪದ 'ಜಮಾಅತ್'. ಫಿಕ್ಹ್ ಗ್ರಂಥಗಳಲ್ಲಿ ಅದು ಇಮಾಮರ ಹಿಂದೆ ಕೂಡಿ ನಿಂತು ಮಾಡುವ ನಮಾಜು. ಕಾಸರಗೋಡಿನಿಂದ ಮಂಗಳೂರಿನವರೆಗಿನ ಕರಾವಳಿಯ ನಿತ್ಯದ ಮಾತಿನಲ್ಲಿ 'ಜಮಾತು' ಎಂದರೆ ಮಸೀದಿಯ ಸುತ್ತಲಿನ ಮನೆಗಳನ್ನು ಒಳಗೊಂಡ ಆಡಳಿತ ಘಟಕವೂ ಹೌದು: ಅದಕ್ಕೊಂದು ಕಮಿಟಿ, ವಂತಿಗೆ, ಮದುವೆ ಮತ್ತು ಮರಣದ ದಾಖಲೆ. ಹೀಗೆ ಒಂದೇ ಪದ ಆರಾಧನೆಯ ಸಾಲನ್ನೂ ಸಾಮಾಜಿಕ ಸದಸ್ಯತ್ವವನ್ನೂ ಹೊತ್ತಿದೆ. ನಫಿಲ್ ಆರಾಧನೆ ಜಮಾಅತಿನ ರೂಪ ತಾಳಿದಾಗ ಬಂದವರು ಯಾರು ಎಂಬುದರ ಜೊತೆಗೆ ಬಾರದವರು ಯಾರು ಎಂಬುದೂ ಕಣ್ಣಿಗೆ ಬೀಳುತ್ತದೆ. ಮುಂದೆ ಚರ್ಚಿಸುವ ವಿವಾದಗಳೆಲ್ಲ ಈ ಒಂದು ಸಂಗತಿಯ ಸುತ್ತ ಸುತ್ತುತ್ತವೆ.

ಮದೀನದ ನಾಲ್ಕು ರಾತ್ರಿಗಳು

ಎಲ್ಲ ಚರ್ಚೆಗೂ ಆಧಾರವಾದ ನಿರೂಪಣೆ ಪ್ರವಾದಿಯವರ ಪತ್ನಿ ಆಯಿಶಾ ಅವರದು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಅದಿದೆ. ರಮಜಾನಿನ ಒಂದು ನಡುರಾತ್ರಿ ಪ್ರವಾದಿ ಮುಹಮ್ಮದರು ಮಸೀದಿಗೆ ಬಂದು ನಮಾಜಿಗೆ ನಿಂತರು. ಅಲ್ಲಿದ್ದ ಕೆಲವರು ಹಿಂದೆ ನಿಂತರು. ಬೆಳಗಾದ ಮೇಲೆ ಮಾತು ಹರಡಿತು. ಎರಡನೆಯ ರಾತ್ರಿ ಜನ ಹೆಚ್ಚಿದರು, ಮೂರನೆಯ ರಾತ್ರಿ ಇನ್ನೂ ಹೆಚ್ಚಿದರು. ನಾಲ್ಕನೆಯ ರಾತ್ರಿ ಮಸೀದಿಗೆ ಜನ ಹಿಡಿಸಲಿಲ್ಲ. ಆ ರಾತ್ರಿ ಪ್ರವಾದಿಯವರು ಹೊರಗೆ ಬರಲೇ ಇಲ್ಲ. ಮುಂಜಾನೆಯ ನಮಾಜಿನ ಬಳಿಕ ಅವರು ಜನರತ್ತ ತಿರುಗಿ, ನೀವು ಕಾದಿದ್ದುದು ತಮಗೆ ತಿಳಿಯದೆ ಇರಲಿಲ್ಲವೆಂದೂ ಇದು ನಿಮ್ಮ ಮೇಲೆ ಕಡ್ಡಾಯವಾಗಿಬಿಟ್ಟು ನಿಮ್ಮಿಂದ ನಿಭಾಯಿಸಲಾಗದೆ ಹೋದೀತೆಂಬ ಅಂಜಿಕೆಯಿಂದ ಬರಲಿಲ್ಲವೆಂದೂ ತಿಳಿಸಿದರು.

ಇದೇ ಬಗೆಯ ಪ್ರಸಂಗವನ್ನು ಝೈದ್ ಇಬ್ನ್ ಸಾಬಿತ್ ಇನ್ನಷ್ಟು ಲೌಕಿಕ ವಿವರಗಳೊಂದಿಗೆ ಹೇಳುತ್ತಾರೆ. ಪ್ರವಾದಿಯವರು ಮಸೀದಿಯಲ್ಲಿ ಚಾಪೆಯ ಮರೆ ಕಟ್ಟಿಕೊಂಡಿದ್ದರು. ಒಂದು ರಾತ್ರಿ ಅವರ ದನಿ ಕೇಳಿಸದಿದ್ದಾಗ, ನಿದ್ದೆ ಹೋಗಿರಬೇಕೆಂದು ಎಣಿಸಿ ಜನ ಕೆಮ್ಮಿ, ಗಂಟಲು ಸರಿಪಡಿಸಿಕೊಂಡು ಗಮನ ಸೆಳೆಯಲು ನೋಡಿದರು. ಕಡ್ಡಾಯ ನಮಾಜನ್ನು ಬಿಟ್ಟು ಉಳಿದವುಗಳಲ್ಲಿ ಮನೆಯಲ್ಲಿ ಮಾಡಿದ್ದೇ ಶ್ರೇಷ್ಠ ಎಂಬ ಪ್ರಸಿದ್ಧ ತತ್ವ ಬರುವುದು ಈ ನಿರೂಪಣೆಯ ಕೊನೆಗೆ. ಆ ತತ್ವವನ್ನು ಮಾತ್ರ ಎತ್ತಿಕೊಂಡು ಕೆಮ್ಮನ್ನು ಮರೆಯುವುದು ಪಂಡಿತರ ಅಭ್ಯಾಸ. ಆದರೆ ಕೆಮ್ಮಿಲ್ಲದೆ ತತ್ವಕ್ಕೆ ಅರ್ಥ ಬರುವುದಿಲ್ಲ. ಜನರ ಪ್ರೀತಿ ಒತ್ತಾಯದ ರೂಪಕ್ಕೆ ತಿರುಗಿದ ಗಳಿಗೆಯನ್ನು ಆ ಸಣ್ಣ ವಿವರವೇ ಹಿಡಿದಿಟ್ಟಿದೆ.

ಪ್ರವಾದಿಯವರು ಜನರ ಜೊತೆಗೂಡುವುದನ್ನೇ ನಿರಾಕರಿಸಿದರೆಂದು ಇದರಿಂದ ತೀರ್ಮಾನಿಸಲಾಗದು. ಅನಸ್ ಅವರ ಅಜ್ಜಿ ಮುಲೈಕಾ ಊಟಕ್ಕೆ ಕರೆದಾಗ, ಉಂಡ ಬಳಿಕ, ಬಹುದಿನದ ಬಳಕೆಯಿಂದ ಕಪ್ಪಿಟ್ಟ ಚಾಪೆಗೆ ನೀರು ಚಿಮುಕಿಸಿ ಹಾಸಲಾಯಿತು. ಪ್ರವಾದಿಯವರು ಮುಂದೆ, ಅನಸ್ ಮತ್ತು ಒಬ್ಬ ಅನಾಥ ಹುಡುಗ ಹಿಂದೆ, ಅವರ ಹಿಂದೆ ಆ ಮುದುಕಿ ನಿಂತು ಎರಡು ರಕಅತ್ ನಮಾಜು ಮಾಡಿದರು. ಇದೂ ಜಮಾಅತ್, ಇದೂ ನಫಿಲ್. ದೃಷ್ಟಿ ಮಂದವಾಗಿದ್ದ, ಮಳೆ ಬಂದರೆ ಹಳ್ಳ ದಾಟಿ ಮಸೀದಿಗೆ ಬರಲಾಗದಿದ್ದ ಇತ್‌ಬಾನ್ ಅವರ ಮನೆಯಲ್ಲಿಯೂ ಹೀಗೆಯೇ ನಡೆಯಿತು. ಅಂದರೆ ತಡೆ ಇದ್ದುದು ಜೊತೆಗೆ ನಿಲ್ಲುವುದಕ್ಕಲ್ಲ. ಚಾಪೆಯ ಮೇಲೆ ನಾಲ್ವರಿದ್ದಾಗ ಯಾರಿಗೂ ನಾಳೆಯ ಬಾಧ್ಯತೆ ಹುಟ್ಟಲಿಲ್ಲ. ಮಸೀದಿಯ ನಾಲ್ಕನೆಯ ರಾತ್ರಿ ಅದು ಹುಟ್ಟುವುದರಲ್ಲಿತ್ತು.

ಉಮರರ ಮಾತಿನ ಉತ್ತರಾರ್ಧ

ಪ್ರವಾದಿಯವರ ನಿಧನದ ನಂತರ, ಎರಡನೆಯ ಖಲೀಫ ಉಮರರ ಕಾಲದಲ್ಲಿ (634–644), ಪ್ರಶ್ನೆ ಮತ್ತೆ ಎದ್ದಿತು. ಅಬ್ದುರ್ರಹ್ಮಾನ್ ಇಬ್ನ್ ಅಬ್ದ್ ಅಲ್‌ಕಾರಿ ಹೇಳುವಂತೆ, ರಮಜಾನಿನ ಒಂದು ರಾತ್ರಿ ಉಮರರು ಮಸೀದಿಗೆ ಬಂದಾಗ ಜನ ಚದುರಿ ನಿಂತಿದ್ದರು. ಒಬ್ಬ ಒಂಟಿಯಾಗಿ ನಮಾಜು ಮಾಡುತ್ತಿದ್ದ; ಇನ್ನೊಬ್ಬನ ಹಿಂದೆ ನಾಲ್ಕಾರು ಜನ ಸೇರಿದ್ದರು. ಉಮರರು ಇವರನ್ನೆಲ್ಲ ಒಬ್ಬ ಓದುಗರ ಹಿಂದೆ ಕೂಡಿಸುವುದು ಲೇಸೆಂದು ಬಗೆದು ಉಬೈ ಇಬ್ನ್ ಕಅಬರನ್ನು ಇಮಾಮರಾಗಿ ನಿಲ್ಲಿಸಿದರು. ಮತ್ತೊಂದು ರಾತ್ರಿ ಬಂದು ನೋಡಿ, ಇದು ಒಳ್ಳೆಯ ಹೊಸ ರೂಢಿ ಎಂದರು. ಇಂದಿನ ತರಾವೀಹ್ ಜಮಾಅತಿನ ಸ್ಥಾಪನೆಯ ಕಥೆ ಇದು. ಇನ್ನು ಕಡ್ಡಾಯದ ಅಂಜಿಕೆಯಿರಲಿಲ್ಲ, ಏಕೆಂದರೆ ವಿಧಿ ಇಳಿದುಬರುವ ಕಾಲ ಪ್ರವಾದಿಯವರೊಂದಿಗೇ ಮುಗಿದಿತ್ತು ಎಂದು ಪಂಡಿತರು ವಿವರಿಸುತ್ತಾರೆ.

ಉಮರರ ಈ ಮಾತಿನ ಪೂರ್ವಾರ್ಧ ಹದಿನಾಲ್ಕು ಶತಮಾನಗಳಿಂದ ವಾದವಿವಾದಗಳಲ್ಲಿ ಸವೆದಿದೆ. 'ಬಿದ್ಅತ್' ಎಂಬ ಪದವನ್ನು ಅವರು ಮೆಚ್ಚುಗೆಯಲ್ಲಿ ಬಳಸಿದ್ದರಿಂದ, ಒಳ್ಳೆಯ ನವಾಚಾರವೆಂಬುದು ಉಂಟೆಂದು ಒಂದು ಪಕ್ಷ, ಅದು ಕೇವಲ ಭಾಷಿಕ ಬಳಕೆಯೆಂದು ಇನ್ನೊಂದು ಪಕ್ಷ. ಈ ಗದ್ದಲದಲ್ಲಿ ಉತ್ತರಾರ್ಧ ಮರೆಯಾಗಿದೆ. ಜನ ಈಗ ಎದ್ದು ಮಾಡುತ್ತಿರುವ ನಮಾಜಿಗಿಂತ, ಮಲಗಿ ಕಳೆದುಕೊಳ್ಳುತ್ತಿರುವ ಹೊತ್ತಿನದೇ ಹೆಚ್ಚಿನದು ಎಂದು ಉಮರರು ಅದೇ ಉಸಿರಿನಲ್ಲಿ ಹೇಳುತ್ತಾರೆ. ರಾತ್ರಿಯ ಕೊನೆಯ ಜಾವದ ನಮಾಜು ಅವರ ಮನಸ್ಸಿನಲ್ಲಿತ್ತು ಎಂದು ನಿರೂಪಕರೇ ಅರ್ಥ ಬಿಡಿಸುತ್ತಾರೆ. ಸ್ಥಾಪಿಸಿದವರು ತಮ್ಮ ಸ್ಥಾಪನೆಯನ್ನು ಎರಡನೆಯ ಸ್ಥಾನದಲ್ಲಿಟ್ಟು ಮಾತನಾಡಿದರು. ಕಥೆಯ ಚೌಕಟ್ಟನ್ನೂ ಗಮನಿಸಬೇಕು: ಎರಡನೆಯ ರಾತ್ರಿ ಉಮರರು ಸಾಲಿನೊಳಗೆ ನಿಂತವರಾಗಿ ಕಾಣುವುದಿಲ್ಲ, ಹೊರಗಿನಿಂದ ಬಂದು ನೋಡುವವರಾಗಿ ಕಾಣುತ್ತಾರೆ.

ಅಬೂ ದಾವೂದರ ಸಂಗ್ರಹದಲ್ಲಿನ ಇನ್ನೊಂದು ವರದಿ ಇಮಾಮರಾದ ಉಬೈ ಅವರ ಬಗ್ಗೆಯೇ ಇದೆ. ಇಪ್ಪತ್ತು ರಾತ್ರಿ ಜನರಿಗೆ ನಮಾಜು ನಡೆಸಿ, ಕೊನೆಯ ಹತ್ತು ರಾತ್ರಿ ಅವರು ತಮ್ಮ ಮನೆಯಲ್ಲೇ ನಮಾಜು ಮಾಡುತ್ತಿದ್ದರಂತೆ. ಉಬೈ ಓಡಿಹೋದರು ಎಂದು ಜನ ಹೇಳುತ್ತಿದ್ದರಂತೆ. ವರದಿ ಮಾಡುವ ಹಸನ್ ಬಸ್ರಿ ಉಮರರ ಆಳ್ವಿಕೆಯ ಕೊನೆಯಲ್ಲಿ ಇನ್ನೂ ಕೂಸು. ಆದ್ದರಿಂದ ಪರಂಪರೆಯ ಕೊಂಡಿ ಕಡಿದಿದೆ. ಚರಿತ್ರೆಯ ಸಾಕ್ಷ್ಯವಾಗಿ ಅದಕ್ಕೆ ಹೆಚ್ಚಿನ ಬೆಲೆ ಕೊಡಲಾಗದು. ಆದರೆ ಮೊದಲ ಪೀಳಿಗೆಗಳು ಈ ಸಂಸ್ಥೆಯನ್ನು ಹೇಗೆ ಕಲ್ಪಿಸಿಕೊಂಡವು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷ್ಯ. ಇಮಾಮರಿಗೂ ಮನೆಗೆ ಹೋಗುವ ಬಾಗಿಲು ತೆರೆದಿತ್ತು. ಹೋದವರನ್ನು ಜನ ಗಮನಿಸಿ ಆಡಿಕೊಳ್ಳಲೂ ತೊಡಗಿದ್ದರು.

ಫಿಕ್ಹ್ ಶಾಲೆಗಳ ಭಿನ್ನಮತ ಈ ಎರಡು ಎಳೆಗಳನ್ನೂ ಉಳಿಸಿಕೊಂಡಿದೆ. ಅಬೂ ಹನೀಫಾ, ಶಾಫಿಈ ಪಂಡಿತರಲ್ಲಿ ಬಹುಮಂದಿ ಮತ್ತು ಅಹ್ಮದ್ ಇಬ್ನ್ ಹಂಬಲ್ ತರಾವೀಹನ್ನು ಜಮಾಅತಿನಲ್ಲಿ ಮಾಡುವುದೇ ಮೇಲೆಂದರು. ಇಮಾಮ್ ಮಾಲಿಕ್, ಅಬೂ ಹನೀಫಾರ ಶಿಷ್ಯ ಅಬೂ ಯೂಸುಫ್ ಮತ್ತು ಕೆಲವು ಶಾಫಿಈ ಪಂಡಿತರು ಮನೆಯ ಒಂಟಿ ನಮಾಜನ್ನು ಮೇಲಾಗಿ ಕಂಡರು. ಮದೀನದ ಆಚರಣೆಯನ್ನೇ ಪ್ರಮಾಣವಾಗಿ ಹಿಡಿದ ಮಾಲಿಕರೇ, ಮದೀನದ ಮಸೀದಿಯಲ್ಲಿ ಹುಟ್ಟಿದ ಜಮಾಅತಿಗಿಂತ ಮನೆಯ ಏಕಾಂತವನ್ನು ಆರಿಸಿಕೊಂಡರು ಎಂಬುದು ಸಣ್ಣ ಸಂಗತಿಯಲ್ಲ.

ಜೆರುಸಲೇಮಿನ ಒಬ್ಬ ಓದುಗ

ಮದೀನದ ಕಥೆಗೆ ಪ್ರತಿಬಿಂಬದಂತಿರುವ ಇನ್ನೊಂದು ಕಥೆಯನ್ನು ಅಂದಲೂಸಿಯದ ತುರ್ತೂಶಿ (ನಿಧನ 1126) ನವಾಚಾರಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅವರಿಗೆ ಅದನ್ನು ಹೇಳಿದವರು ಅಬೂ ಮುಹಮ್ಮದ್ ಅಲ್‌ಮಕ್ದಿಸಿ. ಹಿಜರಿ 448ರಲ್ಲಿ ನಾಬ್ಲುಸಿನಿಂದ ಇಬ್ನ್ ಅಬಿಲ್ ಹಮ್ರಾ ಎಂಬ ಇಂಪಾಗಿ ಓದಬಲ್ಲ ವ್ಯಕ್ತಿ ಜೆರುಸಲೇಮಿಗೆ ಬಂದು, ಶಅಬಾನ್ ತಿಂಗಳ ನಡುವಿನ ರಾತ್ರಿ ಅಕ್ಸಾ ಮಸೀದಿಯಲ್ಲಿ ನಮಾಜಿಗೆ ನಿಂತ. ಅವನ ಹಿಂದೆ ಒಬ್ಬ ಸೇರಿದ, ಮತ್ತೊಬ್ಬ ಸೇರಿದ, ಮೂರನೆಯವ, ನಾಲ್ಕನೆಯವ. ಮುಗಿಯುವ ಹೊತ್ತಿಗೆ ದೊಡ್ಡ ಗುಂಪು. ಮರುವರ್ಷ ಅವನು ಮತ್ತೆ ಬಂದ. ಬಹಳ ಜನ ಬಂದರು. ಆಚರಣೆ ಮಸೀದಿಯಿಂದ ಮನೆಗಳಿಗೆ ಹರಡಿ, ಕೊನೆಗೆ ಪ್ರವಾದಿಯವರಿಂದಲೇ ಬಂದ ಸುನ್ನತ್ತೇನೋ ಎಂಬಂತೆ ನೆಲೆಯೂರಿತು. ನೀವೂ ಅದನ್ನು ಜಮಾಅತಿನಲ್ಲಿ ಮಾಡಿದ್ದನ್ನು ತಾವು ಕಂಡಿದ್ದೇವಲ್ಲ ಎಂದು ತುರ್ತೂಶಿ ಕೇಳಿದರೆ, ಹೌದು, ಅದಕ್ಕಾಗಿ ದೇವರ ಕ್ಷಮೆ ಕೋರುತ್ತೇನೆ ಎಂದು ಹೇಳಿದವರು ಒಪ್ಪಿಕೊಳ್ಳುತ್ತಾರೆ.

ಎರಡು ಕಥೆಗಳ ವ್ಯಾಕರಣ ಒಂದೇ. ಒಬ್ಬರು ನಿಲ್ಲುತ್ತಾರೆ, ಹಿಂದೆ ಇನ್ನೊಬ್ಬರು, ಮತ್ತೊಬ್ಬರು, ಸಂಖ್ಯೆ ಬೆಳೆಯುತ್ತದೆ. ಬೇರೆಯಾಗುವುದು ಮುಕ್ತಾಯ ಮಾತ್ರ. ಮದೀನದಲ್ಲಿ ಮುಂದೆ ನಿಂತವರು ನಾಲ್ಕನೆಯ ರಾತ್ರಿ ಹಿಂದೆ ಸರಿದರು. ಜೆರುಸಲೇಮಿನಲ್ಲಿ ಮುಂದೆ ನಿಂತವನು ಮರುವರ್ಷ ಮತ್ತೆ ಬಂದ. ತುರ್ತೂಶಿ ಈ ಹೋಲಿಕೆಯನ್ನು ಬಾಯಿಬಿಟ್ಟು ಹೇಳದಿದ್ದರೂ, ಆಯಿಶಾರ ನಿರೂಪಣೆಯನ್ನು ಬಲ್ಲ ಯಾವ ಓದುಗರಿಗೂ ಅದು ತಪ್ಪಿಹೋಗದು. ಸಾಕ್ಷಿಯೊಬ್ಬರು ತಾವೂ ಆ ಸಾಲಿನಲ್ಲಿ ನಿಂತವರೇ ಎಂದು ಒಪ್ಪಿಕೊಳ್ಳುವಲ್ಲಿ ಕಥೆಯ ನಿಜವಾದ ತೂಕವಿದೆ: ಒಪ್ಪದವರೂ ನಿಲ್ಲಬೇಕಾಗಿ ಬರುವಷ್ಟು ಅದು ಬೆಳೆದಿತ್ತು. ರಜಬ್ ತಿಂಗಳ ಮೊದಲ ಗುರುವಾರ ರಾತ್ರಿಯ ಹನ್ನೆರಡು ರಕಅತಿನ 'ರಗಾಇಬ್' ನಮಾಜಿನ ಬಗ್ಗೆ ಗಝ್ಝಾಲಿ (ನಿಧನ 1111) 'ಇಹ್ಯಾ'ದಲ್ಲಿ ಬರೆಯುವಾಗ, ಜೆರುಸಲೇಮಿನ ಜನ ಅದನ್ನು ಬಿಡದೆ ಆಚರಿಸುವುದನ್ನೂ ಬಿಡಗೊಡದಿರುವುದನ್ನೂ ಕಂಡು ಅದನ್ನು ಗ್ರಂಥದಲ್ಲಿ ಸೇರಿಸಿದ್ದಾಗಿ ತಿಳಿಸುತ್ತಾರೆ. ಅವರ ಪಾಲಿಗೆ ಅದು ಮೆಚ್ಚುಗೆಯ ಮಾತು. ಆದರೆ ನಫಿಲ್ ಎಂಬುದನ್ನು ಬಿಡಗೊಡದ ಜನಸಮೂಹದ ಚಿತ್ರ, ನಾಲ್ಕನೆಯ ರಾತ್ರಿಯ ಅಂಜಿಕೆ ನಿಜವಾದುದರ ಚಿತ್ರವೂ ಹೌದು.

ದಮಾಸ್ಕಸಿನ ವಾದ

ರಗಾಇಬ್ ನಮಾಜಿನ ಪರವಾಗಿ ಹೇಳಲು ಏನೂ ಇರಲಿಲ್ಲವೆಂದು ಭಾವಿಸಬಾರದು. 13ನೇ ಶತಮಾನದ ಮೊದಲಾರ್ಧದಲ್ಲಿ ದಮಾಸ್ಕಸಿನ ಇಬ್ಬರು ದೊಡ್ಡ ಶಾಫಿಈ ಪಂಡಿತರು ಇದರ ಮೇಲೆ ಪರಸ್ಪರ ಬರೆದುಕೊಂಡರು. ಹದೀಸು ಶಾಸ್ತ್ರದ ಮಹಾಪಂಡಿತ ಇಬ್ನುಸ್ಸಲಾಹ್ (ನಿಧನ 1245) ಮೊದಲು ಇದನ್ನು ನವಾಚಾರವೆಂದು ಫತ್ವಾ ನೀಡಿದ್ದವರು, ಬಳಿಕ ಸಮರ್ಥನೆಗೆ ನಿಂತರು. ಇದಕ್ಕೆ ಆಧಾರವಾಗಿ ಹೇಳುವ ಹದೀಸು ಕಲ್ಪಿತವೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಆದರೂ ನಮಾಜು ಸ್ವತಃ ಒಳಿತೆಂದ ಮೇಲೆ, ಅದರ ಸಾಮಾನ್ಯ ಪ್ರಶಂಸೆಯೇ ಇದಕ್ಕೂ ಸಾಲದೆ ಎಂಬುದು ಅವರ ನಿಲುವಿನ ಸಾರ. ವರ್ಷದಲ್ಲಿ ಒಮ್ಮೆಯಾದರೂ ಮಸೀದಿಗೆ ಬಂದು ಹಣೆ ಮಣಿಸುವ ಸಾಮಾನ್ಯರನ್ನು ಹಿಂದಕ್ಕೆ ಕಳಿಸುವುದು ಯಾವ ಗೆಲುವು ಎಂಬ ಪ್ರಶ್ನೆ ಈ ನಿಲುವಿನೊಳಗಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು.

ಇಝ್ಝುದ್ದೀನ್ ಇಬ್ನ್ ಅಬ್ದಿಸ್ಸಲಾಮ್ (ನಿಧನ 1262) ಅವರ ಉತ್ತರ ಹಲವು ಮಗ್ಗುಲುಗಳದು. ನಮ್ಮ ಪ್ರಶ್ನೆಗೆ ಮುಖ್ಯವಾದವು ಎರಡು. ವಿದ್ವಾಂಸರು ಸಾರ್ವಜನಿಕವಾಗಿ ಇದನ್ನು ಮಾಡಿದರೆ ಸಾಮಾನ್ಯರು ಇದನ್ನು ಸುನ್ನತ್ತೆಂದೇ ತಿಳಿಯುತ್ತಾರೆ. ಹೀಗೆ ಆಡದ ಮಾತನ್ನು ಪ್ರವಾದಿಯವರ ಬಾಯಿಗೆ ಇಟ್ಟಂತಾಗುತ್ತದೆ. ಎರಡನೆಯದಾಗಿ, ಶರೀಅತ್ ತಾನೇ ಹೊರತುಪಡಿಸಿದವನ್ನು ಬಿಟ್ಟರೆ ನಫಿಲಿಗೆ ಮನೆಯೂ ಏಕಾಂತವೂ ಸಹಜ ನೆಲೆ. ಇಲ್ಲಿ ಇಝ್ಝುದ್ದೀನ್ ಜನರ ಭಕ್ತಿಯನ್ನು ಹೀಗಳೆಯುತ್ತಿಲ್ಲ. ಅವರ ಆಕ್ಷೇಪ ಜ್ಞಾನಮೀಮಾಂಸೆಯದು: ಕೂಡಿ ಮಾಡುವ ಕ್ರಿಯೆ ಮಾತಿಲ್ಲದೆಯೇ ಒಂದು ಹೇಳಿಕೆ ನೀಡುತ್ತದೆ. ಒಬ್ಬರು ಮನೆಯಲ್ಲಿ ಹನ್ನೆರಡು ರಕಅತ್ ಮಾಡಿದರೆ ಅದು ಅವರ ಮತ್ತು ದೇವರ ನಡುವಿನ ಸಂಗತಿ. ಊರೇ ಕೂಡಿ ಗೊತ್ತಾದ ರಾತ್ರಿ ಮಾಡಿದರೆ, ಇದು ಧರ್ಮದ ಭಾಗ ಎಂದು ಸಾರಿದಂತೆ. ಮುಂದೆ ಇಬ್ನ್ ತೈಮಿಯಾ (ನಿಧನ 1328) ಇದೇ ಗೆರೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಿದರು: ಅಪರೂಪಕ್ಕೆ ಕೂಡಿ ಮಾಡಿದ ನಫಿಲಿಗೆ ತೊಡಕಿಲ್ಲ, ಅದನ್ನು ನಿಗದಿತ ರೂಢಿಯಾಗಿ ಕಟ್ಟುವಲ್ಲಿ ತೊಡಕಿದೆ.

ಗಡಿಯ ಎರಡು ಬದಿ

ಈ ಚರ್ಚೆ ನಮ್ಮ ಗಡಿನಾಡುಗಳ ಮುಸ್ಲಿಮ್ ಬದುಕಿಗೆ ದೂರದ್ದಲ್ಲ. ಕಾಸರಗೋಡಿನ ಮಾಪಿಳ್ಳೆ ಮತ್ತು ಬ್ಯಾರಿ ಸಮುದಾಯಗಳು ಅರಬಿ ಸಮುದ್ರದ ಸಂಪರ್ಕದಿಂದ ಬಂದ ಶಾಫಿಈ ಶಾಲೆಯವು. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ರಾಯದುರ್ಗಗಳ ದಖನಿ ಮಾತನಾಡುವ ಮುಸ್ಲಿಮರಲ್ಲಿ ಬಹುಪಾಲು ಹನಫಿ ಶಾಲೆಯವರು. ಎರಡೂ ಶಾಲೆಗಳು ಗೆರೆ ಎಳೆಯುವ ಬಗೆ ಬೇರೆ. ಹನಫಿ ಪಂಡಿತರ ಕೀಲಿಪದ 'ತದಾಈ', ಅಂದರೆ ಒಬ್ಬರನ್ನೊಬ್ಬರು ಕರೆದು ಕೂಡಿಸುವುದು. ತರಾವೀಹಿನಂಥ ವಿನಾಯಿತಿಗಳನ್ನು ಬಿಟ್ಟರೆ, ಇಮಾಮರ ಹಿಂದೆ ಒಬ್ಬರೋ ಇಬ್ಬರೋ ನಿಂತರೆ ಅಡ್ಡಿಯಿಲ್ಲ, ಮೂವರಾದರೆ ಭಿನ್ನಮತ, ನಾಲ್ವರಾದರೆ ಅದು ಕರೆದು ಕೂಡಿಸಿದಂತೆ, ಆದ್ದರಿಂದ ಅನುಚಿತ. ಮಳೆಗಾಗಿ ಮೊರೆಯಿಡುವಲ್ಲಿ ಕೂಡ ಅಬೂ ಹನೀಫಾ ಜಮಾಅತ್ ನಮಾಜನ್ನು ಸುನ್ನತ್ತೆಂದು ಒಪ್ಪದೆ ಪ್ರಾರ್ಥನೆ ಮತ್ತು ಪಶ್ಚಾತ್ತಾಪಕ್ಕೇ ಒತ್ತು ಕೊಟ್ಟರು; ಅವರ ಇಬ್ಬರು ಶಿಷ್ಯರು ಇಲ್ಲಿ ಗುರುವನ್ನು ಒಪ್ಪಲಿಲ್ಲ. ಸೂಫಿ ಮಾರ್ಗದವರೇ ಆದ ಶೇಖ್ ಅಹ್ಮದ್ ಸರಹಿಂದಿ (1564–1624), ತಮ್ಮ ನಕ್ಷ್‌ಬಂದಿ ಪಂಥದವರು ನಡುರಾತ್ರಿಯ ತಹಜ್ಜುದ್ ನಮಾಜನ್ನು ಜಮಾಅತಿನಲ್ಲಿ ಮಾಡತೊಡಗಿದ್ದನ್ನು ಪತ್ರಗಳಲ್ಲಿ ಖಂಡಿಸಿದ್ದು ಈ ಹನಫಿ ನೆಲೆಯಿಂದಲೇ.

ಶಾಫಿಈ ಶಾಲೆ ಸಂಖ್ಯೆ ಎಣಿಸುವುದಿಲ್ಲ, ಪಟ್ಟಿ ಮಾಡುತ್ತದೆ. 16ನೇ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಬರೆದ, ಮಲಬಾರಿನ ದರ್ಸುಗಳಲ್ಲಿ ಇಂದಿಗೂ ಪಾಠವಾಗುವ 'ಫತ್‌ಹುಲ್ ಮುಈನ್' ನಫಿಲ್ ನಮಾಜುಗಳನ್ನು ಎರಡಾಗಿ ವಿಂಗಡಿಸುತ್ತದೆ: ಜಮಾಅತ್ ಸುನ್ನತ್ ಅಲ್ಲದವು, ಮತ್ತು ಹಬ್ಬ, ಗ್ರಹಣ, ಮಳೆಯ ಮೊರೆ, ತರಾವೀಹಿನಂತೆ ಜಮಾಅತ್ ಸುನ್ನತ್ ಆಗಿರುವವು. ಅದೇ ಗ್ರಂಥ ರಗಾಇಬ್ ನಮಾಜನ್ನೂ ಶಅಬಾನ್ ನಡುವಿನ ರಾತ್ರಿಯ ವಿಶೇಷ ನಮಾಜನ್ನೂ ಕೆಟ್ಟ ನವಾಚಾರಗಳೆಂದು ಕಟುವಾಗಿ ತಳ್ಳಿಹಾಕುತ್ತದೆ. ಜೆರುಸಲೇಮಿನ ಓದುಗನ ಕಥೆ ಹೀಗೆ ಮಲಬಾರಿನ ಪಠ್ಯಕ್ರಮದಲ್ಲಿ ತೀರ್ಪಾಗಿ ಉಳಿದಿದೆ.

ಆದರೆ ಅದೇ ಕರಾವಳಿಯಲ್ಲಿ ಅದೇ ಬರಾಅತ್ ರಾತ್ರಿ ಮಗ್ರಿಬಿನ ಬಳಿಕ ಮಸೀದಿ ಮತ್ತು ಮನೆಗಳಲ್ಲಿ ಯಾಸೀನ್ ಅಧ್ಯಾಯವನ್ನು ಮೂರು ಬಾರಿ ಓದುವ ರೂಢಿಯಿದೆ. ಹದ್ರಮೌತಿನ ಅಬ್ದುಲ್ಲಾ ಅಲ್‌ಹದ್ದಾದ್ (ನಿಧನ 1720) ರಚಿಸಿದ ರಾತೀಬು, ಪ್ರವಾದಿಯವರ ಮೌಲಿದುಗಳ ಓದು ಕೂಟಗಳಲ್ಲಿ ನಡೆಯುತ್ತವೆ. ಇದನ್ನು ಪಂಡಿತರ ಮಾತು ಒಂದು, ಜನರ ನಡೆ ಇನ್ನೊಂದು ಎಂದು ಓದುವುದು ಸುಲಭ. ಹತ್ತಿರದಿಂದ ನೋಡಿದರೆ ಬೇರೊಂದು ವಿನ್ಯಾಸ ಕಾಣುತ್ತದೆ. ಜನ ಕೂಡುವ ಹಂಬಲ ನಮಾಜಿನ ರೂಪವನ್ನು ಬಿಟ್ಟು ಓದಿನ ರೂಪಕ್ಕೆ ಹರಿದಿದೆ. ಇಮಾಮರ ಹಿಂದಿನ ಸಾಲಿನಲ್ಲಿ ನಡುವೆ ಎದ್ದುಹೋಗುವಂತಿಲ್ಲ. ರಾತೀಬಿನ ಕೂಟಕ್ಕೆ ತಡವಾಗಿ ಬರಬಹುದು, ಮೊದಲೇ ಹೊರಡಬಹುದು, ಒಳಮನೆಯಿಂದ ಹೆಂಗಸರು ದನಿಗೂಡಿಸಬಹುದು. ಸುಧಾರಣಾವಾದಿಗಳು ಇದನ್ನೂ ನವಾಚಾರವೆನ್ನುತ್ತಾರೆ. ಸಾಂಪ್ರದಾಯಿಕರು ಖುರ್‌ಆನ್ ಓದು ಮತ್ತು ದೈವಸ್ಮರಣೆಗೆ ಕೂಡುವುದು ಪ್ರಶಸ್ತವೆನ್ನುತ್ತಾರೆ. ತೀರ್ಪು ಈ ಲೇಖನದ ಕೆಲಸವಲ್ಲ. ನಮಾಜಿನ ಸುತ್ತ ಪಂಡಿತರು ಕಟ್ಟಿದ ಬೇಲಿ ಸಮುದಾಯದ ಕಲ್ಪನಾಶಕ್ತಿಯನ್ನು ಬತ್ತಿಸದೆ ಬೇರೆ ಕಾಲುವೆಗೆ ತಿರುಗಿಸಿತು ಎಂಬುದಷ್ಟೇ ಇಲ್ಲಿನ ವಾದ. ಅರಬಿ–ಮಲಯಾಳಂನ ಮಾಲೆಪಾಟುಗಳ, ಮೌಲಿದುಗಳ ಸಾಹಿತ್ಯಕ ಸಮೃದ್ಧಿಯನ್ನು ಅಧ್ಯಯನ ಮಾಡುವವರು ಈ ಬೇಲಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮನೆಗೆ ಮರಳಿದ ತರಾವೀಹ್

2020ರ ರಮಜಾನ್ ಈ ಹಳೆಯ ಪ್ರಶ್ನೆಯನ್ನು ಅನಿರೀಕ್ಷಿತವಾಗಿ ಜೀವಂತಗೊಳಿಸಿತು. ಕೋವಿಡ್ ಲಾಕ್‌ಡೌನಿನಿಂದ ಭಾರತದ ಮಸೀದಿಗಳು ಜಮಾಅತಿಗೆ ಮುಚ್ಚಿದ್ದವು. ತರಾವೀಹ್ ಮನೆಗಳಿಗೆ ಮರಳಿತು. ಮಕ್ಕಾದಲ್ಲಿ ಸಿಬ್ಬಂದಿಯಷ್ಟೇ ನಿಂತ ಮಸೀದಿಯಲ್ಲಿ ಇಪ್ಪತ್ತರ ಬದಲು ಹತ್ತು ರಕಅತ್ ನಡೆಯಿತು. ಮನೆಯಲ್ಲಿ ಮಾಡಿದರೆ ಸಲ್ಲುತ್ತದೆಯೆ ಎಂದು ಜನ ಎಲ್ಲೆಡೆ ಕೇಳಿದರು; ಸಲ್ಲುತ್ತದೆಂದು ಪಂಡಿತರು ಉತ್ತರಿಸಿದರು. ಇಲ್ಲಿ ಉತ್ತರಕ್ಕಿಂತ ಪ್ರಶ್ನೆಯೇ ಹೆಚ್ಚು ಮಾತನಾಡುತ್ತದೆ. ಪ್ರವಾದಿಯವರು ಯಾವ ನಮಾಜನ್ನು ಮನೆಗೆ ಕಳಿಸಿದ್ದರೋ, ಮಾಲಿಕರು ಯಾವುದಕ್ಕೆ ಮನೆಯನ್ನೇ ಮೇಲೆಂದಿದ್ದರೋ, ಅದು ಮನೆಯಲ್ಲಿ ಸಲ್ಲುತ್ತದೆಯೆ ಎಂಬ ಅನುಮಾನ ಹುಟ್ಟುವಷ್ಟು ಜಮಾಅತಿನ ರೂಪ ಗಟ್ಟಿಯಾಗಿತ್ತು. ಕಾನೂನಿನಲ್ಲಿ ಕಡ್ಡಾಯವಾಗದ್ದು ಭಾವನೆಯಲ್ಲಿ ಕಡ್ಡಾಯವಾಗಿತ್ತು.

ಜಮಾಅತಿನ ಪರವಾಗಿಯೂ ಆ ವರ್ಷ ಸಾಕ್ಷಿ ನುಡಿಯಿತು. ಖುರ್‌ಆನಿನ ಅಲ್ಪಸ್ವಲ್ಪ ಭಾಗವಷ್ಟೇ ಬಾಯಿಪಾಠವಿರುವ ಬಹುಜನರಿಗೆ, ಇಡೀ ಗ್ರಂಥವನ್ನು ಒಂದು ತಿಂಗಳಲ್ಲಿ ಕಿವಿಯಾರೆ ಕೇಳುವ ಅವಕಾಶ ಕೊಡುವುದು ಹಾಫಿಝರ ಹಿಂದಿನ ಸಾಲೇ. ಏಕಾಂತ ಬಲ್ಲವರಿಗೆ ಹಿರಿದು. ಬಾರದವರಿಗೆ ಸಾಲೇ ಪಾಠಶಾಲೆ. ಮಸೀದಿಯಲ್ಲಿ ಸ್ಥಳವಿಲ್ಲದ ಕಡೆಗಳಲ್ಲಿ ಹೆಂಗಸರಿಗೆ ಆ ವರ್ಷದ ಮನೆಯ ನಮಾಜು ಹೊಸದೇನೂ ಆಗಿರಲಿಲ್ಲ. ಎಷ್ಟೋ ಗಂಡಸರು ಮಾತ್ರ ಅವರು ಎಂದಿನಿಂದ ನಿಂತಿದ್ದ ಚಾಪೆಗೆ ಮೊದಲ ಬಾರಿ ಬಂದು ನಿಂತರು.

ಆದುದರಿಂದ ಸಾಮೂಹಿಕವೋ ವೈಯಕ್ತಿಕವೋ ಎಂಬ ದ್ವಂದ್ವ ವಿಮರ್ಶೆಗೆ ಒದಗುವ ಸಾಧನವಲ್ಲ. ಪರಂಪರೆಯ ಒಳಗಿನ ಪಠ್ಯಗಳೇ ಇದಕ್ಕಿಂತ ಸೂಕ್ಷ್ಮವಾದ ಅಳತೆಗೋಲನ್ನು ಕೊಡುತ್ತವೆ. ಕೂಡಿದವರು ಎಷ್ಟು ಮಂದಿ ಎಂಬುದು ಅವುಗಳ ಮೊದಲ ಪ್ರಶ್ನೆಯಲ್ಲ. ಕರೆದವರು ಯಾರು, ದಿನ ಗೊತ್ತುಮಾಡಿದವರು ಯಾರು, ನಾಳೆ ಬಾರದಿದ್ದವರ ಹೆಸರು ಯಾರ ಬಾಯಲ್ಲಿ ಬರುತ್ತದೆ ಎಂಬುದನ್ನು ಅವು ಕೇಳುತ್ತವೆ. ನಮ್ಮ ಗಡಿನಾಡುಗಳ ಆರಾಧನಾ ಕೂಟಗಳನ್ನು ದಾಖಲಿಸಲು ಹೊರಡುವ ಸಂಶೋಧಕರು ಬಂದವರನ್ನು ಎಣಿಸಿ ಮುಗಿಸದೆ, ಬಾರದೆ ಉಳಿದವರ ಮನೆಗೂ ಹೋಗಿ ಮಾತನಾಡಬೇಕು. ನಫಿಲ್ ಅಲ್ಲಿ ಇನ್ನೂ ನಫಿಲ್ ಆಗಿಯೇ ಉಳಿದಿದೆಯೆ ಎಂಬುದು ತಿಳಿಯುವುದು ಆ ಮನೆಗಳಲ್ಲಿ.